ಮೂರನೇ ನಾಯಿ

ಹುಬ್ಬಳ್ಳಿಯ ಚಳಿಗೆ ಒಂದು ಚಾದರ ಸಾಕು.
ಹೆಚ್ಚೆಂದರೆ ಸಂಕ್ರಾಂತಿಯ ಹಿಂದುಮುಂದು
ನಾಲ್ಕು ದಿನ ಕಿವಿಗೆ ಮಫ್ಲರು.
ಆದರೂ ಗದಗ ರಸ್ತೆಯ ಆ ರೈಲ್ವೆ ಬಂಗಲೆಯ ಗೋಡೆಯಲ್ಲಿ
ಬೆಂಕಿಗೂಡು ಇತ್ತು. ಮೇಲೆ ಅಮೃತಶಿಲೆಯ ಹಲಗೆ,
ಹಲಗೆಯ ಮೇಲೊಂದು ಗಡಿಯಾರ.
ಊರು ಮಾತ್ರ ಏಳುತ್ತಿದ್ದದ್ದು ವರ್ಕ್‌ಶಾಪಿನ ಭೋಂಗಾ ಕೇಳಿ.

ಗೂಡು ಇದ್ದ ಮೇಲೆ ಅದಕ್ಕೆ ಒಡವೆ ಬೇಕು.
ಹಿತ್ತಾಳೆಯ ಕಟಕಟೆ, ಕೆಂಡ ಕೆದಕುವ ಸಲಾಕೆ,
ಉದ್ದನೆಯ ಇಕ್ಕಳ, ಬೂದಿ ಬಳಿಯುವ ಪುಟ್ಟ ಸಲಿಕೆ
ಬೂದಿಯೇ ಬೀಳದ ಮನೆಗೆ.
ಮತ್ತೆ, ಕಟ್ಟಿಗೆ ಹೊರಲು ಎರಡು ನಾಯಿ.

ನಾಯಿ ಅಂತಲೇ ಬರೆದಿತ್ತು ಚೀಟಿಯಲ್ಲಿ.
ಕೊಳ್ಳಿ ಹೊರುವ ಕಬ್ಬಿಣಕ್ಕೆ ಅವರು ಹಾಗನ್ನುತ್ತಾರಂತೆ,
ಬಂದೂಕಿನ ಕೀಲಿಗೆ ನಾವು ಕುದುರೆ ಅನ್ನುವ ಹಾಗೆ.
ಎರಕದ ಖಾತೆಯ ಮಾಧು ಓತಾರಿಗೆ
ಇದನ್ನು ಯಾರು ಹೇಳಬೇಕು?
ನನ್ನ ಮುತ್ತ್ಯಾ ಅವನು.
"ನಾಯಿ ಅಂದ್ರ ನಾಯಿ" ಅಂದ.

ಬಡಿಗೇರ ಮೌನಪ್ಪ ಸಾಗವಾನಿಯಲ್ಲಿ ಅಚ್ಚು ಕೆತ್ತಿದ.
ಮುಧೋಳದ ತಳಿ, ಸೊಂಟ ಒಂದು ಮುಷ್ಟಿ,
ಮೂತಿ ಈಗಷ್ಟೇ ಮಸೆದ ಉಳಿ.
ಕುರಿಗಾರರು ಬೆಣ್ಣಿಹಳ್ಳದ ದಂಡೆಗೆ ಇಳಿದಾಗ
ಎರಡು ರಜೆ ಅಲ್ಲೇ ಕೂತು ನೋಡಿ ಬಂದಿದ್ದನಂತೆ,
ಬೇಟೆಯ ನಾಯಿ ಕೂಡುವ ರೀತಿ.

ಮುತ್ತ್ಯಾ ಮರಳು ಜರಡಿ ಹಿಡಿದ, ಕಾಕಂಬಿ ಬೆರೆಸಿದ.
ಮುಷ್ಟಿಯಲ್ಲಿ ಹಿಚುಕಿ, ಮುರಿದು,
ಮುರಿದ ಅಂಚು ನೋಡಿ ಹದ ಹೇಳುವವನು.
ಬೀಡು ಸುರಿಯುವಾಗ ಯಾರೂ ಮಾತಾಡಬಾರದು.
ಯಾರೋ ಮಾತಾಡಿದರು.
ಮೊದಲ ನಾಯಿಯ ಹೊಟ್ಟೆಗೆ ಗಾಳಿ ಹೊಕ್ಕಿತು,
ಎಡಗಿವಿ ತುಂಬಲೇ ಇಲ್ಲ.
ಆಮೇಲಿನ ಎರಡು ಬಂದವು ನೋಡಿ,
ಪಕ್ಕೆಲುಬು ಎಣಿಸಬೇಕು ಹಾಗೆ.
ಕೊರಳಿಗೆ ಹಿತ್ತಾಳೆಯ ಪಟ್ಟಿ ತೊಡಿಸಿ ಬಂಗಲೆಗೆ ಒಯ್ದರು.

ದೊರೆ ನಕ್ಕು ನಕ್ಕು ಕುರ್ಚಿ ಹಿಡಿದನಂತೆ.
ದೊರೆಸಾನಿ ನಗಲಿಲ್ಲ. ಬಗ್ಗಿ ಪಕ್ಕೆಲುಬು ಸವರಿದಳು.
ಮರುವಾರ ಧಾರವಾಡದ ಜಡ್ಜರ ಬಂಗಲೆಯಿಂದ ಚೀಟಿ,
ಆಮೇಲೆ ಗದುಗಿನ ಹತ್ತಿ ಗಿರಣಿಯ ಸಾವಕಾರರಿಂದ.
ಸಾವಕಾರರ ಮನೆಯಲ್ಲಿ ಬೆಂಕಿಗೂಡೇ ಇರಲಿಲ್ಲ.
ನಾಯಿ ಬಂದ ಮೇಲೆ ಗೋಡೆ ಕೊರೆಸಿದರು,
ಹೊಗೆಕೊಳವಿ ಬ್ಯಾಡ ಅಂದರು.

ಕಿವಿಯಿಲ್ಲದ್ದು ನಮ್ಮ ಮನೆಗೆ ಬಂತು.
ಗೇಟ್‌ಪಾಸಿನಲ್ಲಿ: ಕೆಟ್ಟ ಎರಕ ಒಂದು, ನಾಲ್ಕಾಣೆ.
ಆಯಿಯ ಒಲೆಯ ಮೂರನೇ ಗುಂಡು ಸೀಳಿತ್ತು,
ಅಲ್ಲಿ ಕೂರಿಸಿದಳು, ಬೆನ್ನ ಮೇಲೆ ಹಂಚು.
ಎಷ್ಟು ಸಾವಿರ ರೊಟ್ಟಿ, ಲೆಕ್ಕ ಇಟ್ಟವರಿಲ್ಲ.
ಒಲೆ ಸಾರಿಸುವಾಗ ಅದರ ಮೂತಿಗೂ ಒಂದು ಕೈ.
ಮುತ್ತ್ಯಾ ಮಾತ್ರ ಊಟಕ್ಕೆ ಕೂತರೆ
ಅದಕ್ಕೆ ಬೆನ್ನು ಹಾಕಿಯೇ ಕೂಡುತ್ತಿದ್ದ.

ಕಳೆದ ತಿಂಗಳು ದುರ್ಗದಬೈಲಿನ ಹಿಂದೆ
ಹಳೆ ಸಾಮಾನಿನ ಅಂಗಡಿಯಲ್ಲಿ
ಕೊರಳಪಟ್ಟಿಯ ಜೋಡಿ ಕಂಡೆ.
"ವಿಲಾಯತಿ ಮಾಲು" ಅಂದ ಅಂಗಡಿಯ ದಿಲಾವರ.
ಹೊಟ್ಟೆಯ ಅಡಿ ಬೆರಳಾಡಿಸಿದೆ: ಒಂದು ಕಣ ಮಸಿ ಇಲ್ಲ.
ತೊಂಬತ್ತು ವರ್ಷ ಬೆಂಕಿಗೂಡಿನ ಮುಂದೆ ಕೂತು
ಹೊಗೆಯ ವಾಸನೆ ಅರಿಯದ ನಾಯಿಗಳು.
ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.
ಮೌನಪ್ಪನ ಎರಡು ರಜೆ, ಕಾಕಂಬಿ, ಜಡ್ಜರ ಚೀಟಿ.
ದಿಲಾವರ ಚಹಾ ತರಿಸಿ ಎರಡು ಸಲ ಕೇಳಿದ.
ಆಮೇಲೆ ಬೆಲೆಚೀಟಿ ಕಿತ್ತು ಹೊಸದು ಬರೆದ,
ಮೂರು ಸಾವಿರ ಹೆಚ್ಚಿಗೆ.
"ಕಥಿ ಸಿಕ್ಕಿತಲ್ಲರೀ, ಇನ್ನ
ಹಳೇ ರೇಟಿಗೆ ಹ್ಯಾಂಗ ಕೊಡ್ಲಿ?"

ಮನೆಗೆ ಬಂದಾಗ ಹಿತ್ತಲಲ್ಲಿ ನೀರು ಕಾಯುತ್ತಿತ್ತು.
ಗ್ಯಾಸು ಬಂದ ಮೇಲೆ ಅದಕ್ಕೆ ಹಂಡೆಯ ಚಾಕರಿ.
ಮಗಳು ಕೊಳ್ಳಿ ಒಳಗೆ ನೂಕುತ್ತ ಕೇಳಿದಳು:
"ಸಿಕ್ತೇನು ಇದರ ಜೋಡಿ?"
ಅವೆರಡೂ ಒಂದಕ್ಕೊಂದು ಜೋಡಿ, ಅಂದೆ.
ಬಗ್ಗಿ, ಕಿವಿ ಇರಬೇಕಿದ್ದ ಜಾಗ ಮುಟ್ಟಿದೆ.
ಬೆರಳು ಸುಟ್ಟಿತು.